ಏಳು ವರ್ಷ ಬಳಸಿದ ಶಕ್ತಿ ಮರುಗಳಿಕೆ ವಾತಾಯನ ಘಟಕಗಳು: ನಿರ್ವಹಣೆಯ ಕಡೆಯಿಂದ ಒಂದು ವಿಮರ್ಶೆ

ನಾನು ನಿರ್ವಹಣೆಯ ಹೊಣೆ ಹೊತ್ತಿರುವ ಐದು ಅಂತಸ್ತಿನ ಕಚೇರಿ ಕಟ್ಟಡದಲ್ಲಿ ಮೂರು ಶಕ್ತಿ ಮರುಗಳಿಕೆ ವಾತಾಯನ ಘಟಕಗಳಿವೆ. ಇವನ್ನು ನಮ್ಮ ಕಸುಬಿನವರು ಇಆರ್‌ವಿ ಎಂದೇ ಕರೆಯುತ್ತಾರೆ. ತಾರಸಿಯ ಮೇಲಿನ ಎರಡು ದೊಡ್ಡ ಘಟಕಗಳಲ್ಲಿ ತಿರುಗುವ ಚಕ್ರವಿದೆ. ಸಭಾಂಗಣಕ್ಕೆಂದು ಫಾಲ್ಸ್ ಸೀಲಿಂಗಿನ ಮೇಲೆ ಕೂರಿಸಿರುವ ಚಿಕ್ಕ ಘಟಕದಲ್ಲಿ ಅಲುಗದ ಪೊರೆಯ ಕೋರ್ ಇದೆ. ಮೂರನ್ನೂ ಏಳು ವರ್ಷಗಳಿಂದ ದಿನವೂ ನಡೆಸುತ್ತಿದ್ದೇವೆ. ಕೊಳ್ಳುವ ಮೊದಲು ನಾನು ಓದಿದ ವಿಮರ್ಶೆಗಳೆಲ್ಲ ಎಷ್ಟು ವಿದ್ಯುತ್ ಉಳಿಯುತ್ತದೆ ಎಂಬುದನ್ನೇ ಹೇಳಿದ್ದವು. ಆ ಉಳಿತಾಯವನ್ನು ವರ್ಷದಿಂದ ವರ್ಷಕ್ಕೆ ಕಾಪಾಡಿಕೊಳ್ಳಲು ಏನು ಮಾಡಬೇಕು ಎಂಬುದನ್ನು ಯಾರೂ ಬರೆದಿರಲಿಲ್ಲ. ಆ ಕಾರಣಕ್ಕೆ ಈ ಬರಹ. ತಯಾರಕರ ಹೆಸರನ್ನು ಹೇಳುತ್ತಿಲ್ಲ, ಏಕೆಂದರೆ ನಾವು ಎದುರಿಸಿದ ತೊಂದರೆಗಳಲ್ಲಿ ಹೆಚ್ಚಿನವು ಘಟಕದ ಬಗೆಗೆ ಮತ್ತು ಅದನ್ನು ನೋಡಿಕೊಳ್ಳುವ ರೀತಿಗೆ ಸೇರಿದವು.

ಕೆಲಸದ ತತ್ವ ಸರಳವಾಗಿದೆ. ಕಟ್ಟಡದಿಂದ ಹೊರಗೆ ಹೋಗುವ ಬಳಸಿದ ಗಾಳಿಯೂ ಒಳಗೆ ಬರುವ ಹೊಸ ಗಾಳಿಯೂ ಒಂದೇ ಪೆಟ್ಟಿಗೆಯಲ್ಲಿ, ಬೇರೆ ಬೇರೆ ಹಾದಿಯಲ್ಲಿ ಸಾಗುತ್ತವೆ. ನಡುವೆ ಇರುವ ಚಕ್ರ ಅಥವಾ ಕೋರ್ ಒಂದರ ಶಾಖವನ್ನೂ ತೇವವನ್ನೂ ಇನ್ನೊಂದಕ್ಕೆ ದಾಟಿಸುತ್ತದೆ. ಬೇಸಿಗೆಯಲ್ಲಿ ಹೊರಗಿನ ಬಿಸಿ, ತೇವಭರಿತ ಗಾಳಿ ಒಳಗೆ ಬರುವ ಮೊದಲೇ ತನ್ನ ಶಾಖದ ಮತ್ತು ನೀರಾವಿಯ ಒಂದು ಪಾಲನ್ನು ಹೊರಹೋಗುವ ತಂಪು ಗಾಳಿಗೆ ಒಪ್ಪಿಸುತ್ತದೆ. ಚಳಿಗಾಲದಲ್ಲಿ ಇದು ತಿರುವುಮುರುವಾಗುತ್ತದೆ. ಶಾಖವನ್ನಷ್ಟೇ ದಾಟಿಸುವ ಘಟಕಗಳಿಗೂ ಇವಕ್ಕೂ ಇರುವ ವ್ಯತ್ಯಾಸ ಈ ತೇವದ ವಿನಿಮಯ. ನಿರ್ವಹಣೆ ಸಡಿಲವಾದಾಗ ಮೊದಲು ಕೆಡುವುದೂ ಸಾಮಾನ್ಯವಾಗಿ ಅದೇ.

ಈ ಯಂತ್ರಗಳ ಬಗ್ಗೆ ನನ್ನ ಮುಖ್ಯ ದೂರು ಒಂದೇ: ಇವು ಸದ್ದಿಲ್ಲದೆ ಕೆಡುತ್ತವೆ. ಫ್ಯಾನ್ ತಿರುಗುತ್ತಿರುವವರೆಗೆ ಗಾಳಿ ಬರುತ್ತಲೇ ಇರುತ್ತದೆ. ಮರುಗಳಿಕೆ ನಿಂತಿದ್ದರೂ ಕೋಣೆಯಲ್ಲಿ ಕುಳಿತವರಿಗೆ ಅದು ಕೂಡಲೇ ತಿಳಿಯುವುದಿಲ್ಲ. ಮೂರನೆಯ ವರ್ಷದ ಬೇಸಿಗೆಯಲ್ಲಿ ನಮ್ಮಲ್ಲಿ ನಡೆದದ್ದು ಇದೇ. ಮೇಲಿನ ಎರಡು ಅಂತಸ್ತುಗಳಲ್ಲಿ ಮಧ್ಯಾಹ್ನದ ಹೊತ್ತಿಗೆ ಮೈ ಅಂಟಂಟಾಗುತ್ತದೆ ಎಂಬ ದೂರುಗಳು ಬರತೊಡಗಿದವು. ಕಟ್ಟಡವನ್ನು ತಂಪಾಗಿಡುವ ಯಂತ್ರವಾದ ಚಿಲ್ಲರ್ ಪೂರ್ಣ ಭಾರದಲ್ಲಿ ಓಡುತ್ತಿತ್ತು. ನಾವು ಚಿಲ್ಲರನ್ನೇ ಸಂಶಯಿಸಿ ಕಂಡೆನ್ಸರ್ ತೊಳೆಸಿದೆವು, ರೆಫ್ರಿಜರೆಂಟಿನ ಒತ್ತಡ ನೋಡಿಸಿದೆವು, ನಿಯಂತ್ರಣ ಫಲಕದ ಸೆನ್ಸರುಗಳನ್ನು ಬದಲಾಯಿಸಿದೆವು. ಐದು ವಾರ ಹೀಗೆ ಕಳೆಯಿತು. ಕೊನೆಗೆ ಫಿಲ್ಟರ್ ನೋಡಲು ತಾರಸಿಗೆ ಹೋದ ನಮ್ಮ ಎಲೆಕ್ಟ್ರಿಷಿಯನ್ ತಪಾಸಣೆಯ ಗಾಜಿನೊಳಗೆ ಇಣುಕಿ ಫೋನ್ ಮಾಡಿದರು: “ಸರ್, ಚಕ್ರ ನಿಂತುಬಿಟ್ಟಿದೆ, ಮೋಟರ್ ಮಾತ್ರ ಸುತ್ತುತ್ತಾ ಇದೆ.”

ಚಕ್ರದ ಅಂಚನ್ನು ಸುತ್ತುವರಿದು ಅದನ್ನು ತಿರುಗಿಸುವ ಬೆಲ್ಟ್ ಹಿಗ್ಗಿ, ಮೋಟರಿನ ಪುಲ್ಲಿಯ ಮೇಲೆ ಜಾರುತ್ತಿತ್ತು. ನಿಯಂತ್ರಣ ಫಲಕದಲ್ಲಿ ಹಸಿರು ದೀಪ ಉರಿಯುತ್ತಲೇ ಇತ್ತು, ಏಕೆಂದರೆ ಆ ದೀಪ ಮೋಟರಿಗೆ ವಿದ್ಯುತ್ ಹೋಗುತ್ತಿದೆಯೇ ಎಂಬುದನ್ನಷ್ಟೇ ಹೇಳುತ್ತಿತ್ತು. ಚಕ್ರ ತಿರುಗುತ್ತಿದೆಯೇ ಎಂಬುದು ಅದಕ್ಕೆ ಗೊತ್ತಿರಲಿಲ್ಲ. ಚಕ್ರದ ತಿರುಗುವಿಕೆಯನ್ನೇ ಗುರುತಿಸುವ ಸೆನ್ಸರ್ ಅನ್ನು ತಯಾರಕರು ಐಚ್ಛಿಕ ಭಾಗವೆಂದು ಪಟ್ಟಿ ಮಾಡಿದ್ದರು, ನಾವು ಕೊಂಡಿರಲಿಲ್ಲ. ಈಗ ಎರಡೂ ಘಟಕಗಳಲ್ಲಿ ಚಕ್ರದ ಅಂಚಿಗೆ ಒಂದು ಚಿಕ್ಕ ಅಯಸ್ಕಾಂತವನ್ನೂ ಚೌಕಟ್ಟಿಗೆ ಒಂದು ಸ್ವಿಚ್ಚನ್ನೂ ಕೂರಿಸಿದ್ದೇವೆ. 30 ಸೆಕೆಂಡುಗಳ ಕಾಲ ಸಂಕೇತ ಬಾರದಿದ್ದರೆ ಎಚ್ಚರಿಕೆಯ ಗಂಟೆ ಬಾರಿಸುತ್ತದೆ. ಇಂಥ ಘಟಕ ಕೊಳ್ಳುವವರಿಗೆ ನಾನು ಕೊಡುವ ಮೊದಲ ಸಲಹೆ ಇದು: ಈ ಸೆನ್ಸರ್ ಇಲ್ಲದ ಚಕ್ರದ ಘಟಕವನ್ನು ಒಪ್ಪಿಕೊಳ್ಳಬೇಡಿ. ಬೆಲ್ಟಿನ ಬಗೆಯನ್ನೂ ಮೊದಲೇ ಕೇಳಿಕೊಳ್ಳಿ. ಕೊಂಡಿ ಕೊಂಡಿಯಾಗಿ ಜೋಡಿಸುವ ಬೆಲ್ಟನ್ನು ಚಕ್ರ ಬಿಚ್ಚದೆ ಸ್ಥಳದಲ್ಲೇ ಸುತ್ತಿ ಬಿಗಿಗೊಳಿಸಬಹುದು. ಜೋಡಣೆಯೇ ಇಲ್ಲದ ಬೆಲ್ಟಿಗೆ ಚಕ್ರವನ್ನು ಅದರ ನೆಲೆಯಿಂದ ಕದಲಿಸಬೇಕಾಗುತ್ತದೆ, ಒಂದು ದಿನದ ಕೆಲಸವೇ ಆಗುತ್ತದೆ.

ಅಂದಿನಿಂದ ನಾವು ಕಣ್ಣಿನ ತಪಾಸಣೆಯನ್ನು ನೆಚ್ಚುವುದನ್ನು ಬಿಟ್ಟು ಅಳತೆಗೆ ಬಂದೆವು. ತಿಂಗಳಿಗೊಮ್ಮೆ, ಹೊರಗೂ ಒಳಗೂ ಸಾಕಷ್ಟು ಉಷ್ಣತೆಯ ಅಂತರವಿರುವ ಹೊತ್ತು ನೋಡಿಕೊಂಡು, ಮೂರು ಕಡೆ ಅಳೆಯುತ್ತೇವೆ: ಹೊರಗಿನ ಗಾಳಿ, ಕಟ್ಟಡದಿಂದ ಘಟಕಕ್ಕೆ ಮರಳುವ ಗಾಳಿ, ಚಕ್ರವನ್ನು ದಾಟಿ ಒಳಗೆ ಹೋಗುವ ಗಾಳಿ. ಹೊರಗೆ 35 ಡಿಗ್ರಿ ಸೆಲ್ಸಿಯಸ್, ಮರಳುವ ಗಾಳಿ 25, ಚಕ್ರ ದಾಟಿದ್ದು 28 ಇದ್ದರೆ, ಸಾಧ್ಯವಿದ್ದ 10 ಡಿಗ್ರಿಯಲ್ಲಿ 7 ಡಿಗ್ರಿ ಇಳಿದಂತಾಯಿತು. ಎರಡೂ ಕಡೆಯ ಗಾಳಿಯ ಪ್ರಮಾಣ ಸಮನಾಗಿದ್ದಾಗ ಇದನ್ನು ಶೇಕಡಾ 70ರ ದಕ್ಷತೆ ಎನ್ನಬಹುದು. ಕೊಳ್ಳುವಾಗ ತೋರಿಸಿದ ಅಂಕಿ, ಇಂಥ ಸಾಧನಗಳಿಗೆಂದು ಅಮೆರಿಕದ ಹವಾನಿಯಂತ್ರಣ ತಯಾರಕರ ಸಂಘ ರೂಪಿಸಿದ ಎಎಚ್‌ಆರ್‌ಐ 1060 ಮಾನದಂಡದಂತೆ ಪ್ರಮಾಣೀಕೃತವಾದದ್ದೇ ಎಂಬುದನ್ನು ಖಚಿತಪಡಿಸಿಕೊಂಡಿದ್ದರೆ ಅದರೊಡನೆ ಹೋಲಿಸಿ ನೋಡಲು ಬರುತ್ತದೆ. ಆದರೂ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಘಟಕ ಹೊಸದಿದ್ದಾಗ ನಮ್ಮದೇ ಕಟ್ಟಡದಲ್ಲಿ ಬರೆದಿಟ್ಟುಕೊಂಡ ಅಂಕಿ. ಅದು ಇಲ್ಲದಿದ್ದರೆ ಇಳಿಕೆಯನ್ನು ಯಾವುದಕ್ಕೆ ಹೋಲಿಸುವುದು?

ತೇವದ ಅಳತೆಯಲ್ಲಿ ನಾವು ಮೊದಲ ಎರಡು ವರ್ಷ ಒಂದು ತಪ್ಪು ಮಾಡಿದೆವು. ಮೀಟರಿನಲ್ಲಿ ಕಾಣುವ ಸಾಪೇಕ್ಷ ಆರ್ದ್ರತೆಯನ್ನೇ, ಅಂದರೆ ಆ ಉಷ್ಣತೆಯಲ್ಲಿ ಗಾಳಿ ಹಿಡಿಯಬಲ್ಲ ನೀರಾವಿಯಲ್ಲಿ ಶೇಕಡಾ ಎಷ್ಟು ಇದೆ ಎಂಬುದನ್ನೇ, ಬರೆದಿಡುತ್ತಿದ್ದೆವು. ಮೇಲಿನ ಉದಾಹರಣೆಯಲ್ಲಿ ಹೊರಗಿನ ಗಾಳಿಯಲ್ಲಿ ಒಂದು ಕಿಲೋ ಒಣ ಗಾಳಿಗೆ 18 ಗ್ರಾಂ ನೀರಾವಿ, ಮರಳುವ ಗಾಳಿಯಲ್ಲಿ 10, ಚಕ್ರ ದಾಟಿದ ಗಾಳಿಯಲ್ಲಿ 12.5 ಗ್ರಾಂ ಇದ್ದರೆ, ಮೂರೂ ಕಡೆ ಸಾಪೇಕ್ಷ ಆರ್ದ್ರತೆ ಶೇಕಡಾ 50ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಪುಸ್ತಕ ತೆರೆದು ನೋಡಿದವರಿಗೆ ಏನೂ ನಡೆಯುತ್ತಿಲ್ಲವೆಂದೇ ಅನಿಸುತ್ತದೆ. ವಾಸ್ತವದಲ್ಲಿ ತೆಗೆಯಬಹುದಾಗಿದ್ದ 8 ಗ್ರಾಂ ನೀರಾವಿಯಲ್ಲಿ ಐದೂವರೆ ಗ್ರಾಂ ಹೊರಗೇ ಉಳಿದಿದೆ. ಆದ್ದರಿಂದ ಉಷ್ಣತೆ ಮತ್ತು ಆರ್ದ್ರತೆ ಎರಡನ್ನೂ ಅಳೆದು, ಗ್ರಾಂ ಲೆಕ್ಕಕ್ಕೆ ತಿರುಗಿಸಿಯೇ ದಾಖಲಿಸಬೇಕು. ಶಾಖದ ದಕ್ಷತೆ ಹಾಗೇ ಇದ್ದು ತೇವದ ದಕ್ಷತೆ ಮಾತ್ರ ಇಳಿಯುತ್ತಾ ಬಂದರೆ, ಚಕ್ರದ ಮೇಲಿರುವ ತೇವ ಹೀರುವ ಲೇಪನ ಮುಚ್ಚಿಕೊಳ್ಳುತ್ತಿದೆ ಎಂದು ನಾನು ಅರ್ಥ ಮಾಡಿಕೊಳ್ಳುತ್ತೇನೆ.

ಫಿಲ್ಟರುಗಳ ವಿಷಯದಲ್ಲಿ ತಯಾರಕರ ಕೈಪಿಡಿ ಮೂರು ತಿಂಗಳಿಗೊಮ್ಮೆ ಬದಲಾಯಿಸಿ ಎನ್ನುತ್ತದೆ. ನಾವು ಕ್ಯಾಲೆಂಡರ್ ನೋಡುವುದಿಲ್ಲ, ಫಿಲ್ಟರಿನ ಎರಡೂ ಬದಿಯ ಒತ್ತಡದ ವ್ಯತ್ಯಾಸ ನೋಡುತ್ತೇವೆ. ಧೂಳಿನ ಕಾಲದಲ್ಲಿ ಆರೇ ವಾರಕ್ಕೆ ಮಿತಿ ಮುಟ್ಟಿದ್ದೂ ಉಂಟು, ಮಳೆಗಾಲದಲ್ಲಿ ಐದು ತಿಂಗಳು ನಡೆದದ್ದೂ ಉಂಟು. ಚೌಕಟ್ಟಿನ ಗ್ಯಾಸ್ಕೆಟ್ ಹರಿದಿದ್ದರೆ ಒತ್ತಡದ ಮೀಟರ್ ಒಳ್ಳೆಯ ಅಂಕಿಯನ್ನೇ ತೋರಿಸುತ್ತದೆ, ಏಕೆಂದರೆ ಗಾಳಿ ಸಂದಿಯಿಂದ ನುಸುಳಿ ಹೋಗುತ್ತಿರುತ್ತದೆ. ಆದ್ದರಿಂದ ಬದಲಾಯಿಸುವಾಗಲೆಲ್ಲ ಗ್ಯಾಸ್ಕೆಟ್ ಸವರಿ ನೋಡುವುದು ನಮ್ಮ ನಿಯಮ. ಹೊರಹೋಗುವ ಗಾಳಿಯ ಬದಿಯ ಫಿಲ್ಟರನ್ನು ಹಲವರು ಅಸಡ್ಡೆ ಮಾಡುತ್ತಾರೆ. ಹೇಗಿದ್ದರೂ ಹೊರಗೆ ಹೋಗುವ ಗಾಳಿಯಲ್ಲವೇ ಎಂಬುದು ಅವರ ವಾದ. ಆದರೆ ಬಟ್ಟೆಯ ನಾರು, ಕಾಗದದ ಪುಡಿ ಇವೆಲ್ಲ ಬರುವುದು ಆ ಬದಿಯಿಂದಲೇ, ಮತ್ತು ಅವು ಮೊದಲು ಕೂರುವುದು ಚಕ್ರದ ಮುಖದ ಮೇಲೆ.

ಫಿಲ್ಟರುಗಳನ್ನು, ಅದರಲ್ಲೂ ಪೂರೈಕೆಯ ಬದಿಯದನ್ನು, ಕಟ್ಟಿಕೊಳ್ಳಲು ಬಿಡಬಾರದೆಂಬುದಕ್ಕೆ ಇದಕ್ಕಿಂತ ಗಂಭೀರವಾದ ಇನ್ನೊಂದು ಕಾರಣವೂ ಇದೆ. ಚಕ್ರದ ಘಟಕದಲ್ಲಿ ಎರಡು ಗಾಳಿಯ ಹಾದಿಗಳ ನಡುವೆ ಇರುವುದು ಕುಂಚದಂಥ ಸೀಲು ಮಾತ್ರ, ಅದು ಗಾಳಿಯನ್ನು ಪೂರ್ತಿ ತಡೆಯುವುದಿಲ್ಲ. ಸೋರುವ ಗಾಳಿ ಹೊಸ ಗಾಳಿಯ ಕಡೆಯಿಂದ ಹಳೆಯ ಗಾಳಿಯ ಕಡೆಗೆ ಹೋಗುವಂತೆ ಒತ್ತಡಗಳನ್ನು ಹೊಂದಿಸಿರುತ್ತಾರೆ. ನಮ್ಮ ಘಟಕಗಳಂತೆ ಫ್ಯಾನ್ ಚಕ್ರದ ಆಚೆ ನಿಂತು ಗಾಳಿಯನ್ನು ಎಳೆದುಕೊಳ್ಳುವಲ್ಲಿ, ಪೂರೈಕೆಯ ಬದಿಯ ಫಿಲ್ಟರ್ ಕಟ್ಟಿಕೊಂಡಷ್ಟೂ ಚಕ್ರದ ಆ ಬದಿಯ ಒತ್ತಡ ಕುಸಿಯುತ್ತದೆ, ಸೋರಿಕೆಯ ದಿಕ್ಕು ತಿರುಗುತ್ತದೆ, ಶೌಚಾಲಯದಿಂದ ಹೊರಟ ಗಾಳಿಯ ಒಂದಿಷ್ಟು ಮತ್ತೆ ಮೇಜುಗಳ ಬಳಿಗೆ ಬರುತ್ತದೆ. ಅಮೆರಿಕದ ಹವಾನಿಯಂತ್ರಣ ಎಂಜಿನಿಯರುಗಳ ಸಂಘದ ವಾತಾಯನ ಮಾನದಂಡವಾದ ಆಶ್ರೇ 62.1 ಶೌಚಾಲಯದ ಗಾಳಿಯನ್ನು 2ನೇ ವರ್ಗಕ್ಕೆ ಸೇರಿಸಿ, ಇಂಥ ಘಟಕಗಳಲ್ಲಿ ಅದರ ಸೋರಿಕೆ ಒಳಬರುವ ಹೊರಗಾಳಿಯ ಶೇಕಡಾ 10ನ್ನು ಮೀರಬಾರದೆನ್ನುತ್ತದೆ. ಇನ್ನೂ ಕೆಟ್ಟದಾದ 3ನೇ ವರ್ಗಕ್ಕೆ ಮಿತಿ ಶೇಕಡಾ 5. 2020ರಲ್ಲಿ ಕೋವಿಡ್ ಹರಡಿದಾಗ ಈ ಸೋರಿಕೆಯ ಪ್ರಶ್ನೆಯನ್ನು ಎಲ್ಲರೂ ಕೇಳತೊಡಗಿದರು. ನಾವು ಆಗ ಸೀಲುಗಳನ್ನು ಪರೀಕ್ಷಿಸಿದಾಗ ಒಂದು ಘಟಕದ ಸೀಲು ಅರ್ಧ ಸವೆದೇ ಹೋಗಿತ್ತು. ವರ್ಷಕ್ಕೊಮ್ಮೆ ಸೀಲನ್ನು ಸರಿಹೊಂದಿಸುವುದು ಅಂದಿನಿಂದ ತಪ್ಪಿಲ್ಲ. ತೀರಾ ಬಿಗಿ ಮಾಡಿದರೆ ಚಕ್ರಕ್ಕೆ ಉಜ್ಜಿ ಬೆಲ್ಟಿನ ಮೇಲೆ ಭಾರ ಬೀಳುತ್ತದೆ ಎಂಬುದನ್ನೂ ನೆನಪಿಡಬೇಕು.

ಚಕ್ರವನ್ನು ಶುಚಿ ಮಾಡುವುದು ನಾನು ಹೆದರಿದಷ್ಟು ಕಷ್ಟವಾಗಲಿಲ್ಲ. ಗಾಳಿ ಅರ್ಧ ಸುತ್ತಿಗೊಮ್ಮೆ ಎದುರು ದಿಕ್ಕಿನಿಂದ ಬೀಸುವುದರಿಂದ ಒಣ ಧೂಳು ತಾನಾಗಿಯೇ ಬಹುಪಾಲು ಉದುರಿಹೋಗುತ್ತದೆ. ಉಳಿದದ್ದನ್ನು ಮೃದು ಕುಂಚದ ವ್ಯಾಕ್ಯೂಮ್ ಕ್ಲೀನರ್ ತೆಗೆಯುತ್ತದೆ. ಜಿಡ್ಡು ಹಿಡಿದಿದ್ದರೆ ಮಾತ್ರ ಬೇರೆ ಮಾತು: ನಮ್ಮ ಚಕ್ರದ ತುಂಡುಗಳನ್ನು ಬಿಡಿಸಿ, ಕೈಪಿಡಿ ಹೇಳಿದಂತೆ ಸೌಮ್ಯ ಡಿಟರ್ಜೆಂಟಿನ ನೀರಿನಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ ಮತ್ತೆ ಕೂರಿಸಬಹುದು. ಈ ಒಂದು ಸೌಲಭ್ಯಕ್ಕಾಗಿ ತಯಾರಕರನ್ನು ಮನಸಾರೆ ಮೆಚ್ಚುತ್ತೇನೆ.

ಕೋರ್ ಇರುವ ಘಟಕದ ಕಥೆ ಬೇರೆ. ಅದರಲ್ಲಿ ಬೆಲ್ಟ್ ಇಲ್ಲ, ಬೇರಿಂಗ್ ಇಲ್ಲ, ತಿರುಗುವ ಭಾಗವೆಂದರೆ ಫ್ಯಾನುಗಳು ಮಾತ್ರ. ಸೋರಿಕೆಯೂ ಚಕ್ರಕ್ಕಿಂತ ಕಡಿಮೆ. ಐದು ವರ್ಷ ಅದು ನಮಗೆ ಯಾವ ತೊಂದರೆಯನ್ನೂ ಕೊಡಲಿಲ್ಲ. ಐದನೆಯ ವರ್ಷದ ಕೊನೆಗೆ ಸೇವಾ ಒಪ್ಪಂದದ ಸಂಸ್ಥೆಯಿಂದ ಬಂದ ಹೊಸ ತಂತ್ರಜ್ಞರೊಬ್ಬರು ಏರ್ ಕಂಡಿಷನರಿನ ಕಾಯಿಲ್ ತೊಳೆಯುವಂತೆಯೇ ಈ ಕೋರನ್ನೂ ಒತ್ತಡದ ನೀರಿನಿಂದ ತೊಳೆದುಬಿಟ್ಟರು. ಕಾಗದದಂಥ ಪೊರೆ ಉಬ್ಬಿ, ಒಣಗಿದ ಮೇಲೆ ಸೊಟ್ಟಗಾಗಿ, ಗಾಳಿಯ ಹಾದಿಗಳಲ್ಲಿ ಕೆಲವು ಮುಚ್ಚಿಹೋದವು. ನೀರಿನಲ್ಲಿ ತೊಳೆಯಬಹುದಾದ ಪಾಲಿಮರ್ ಪೊರೆಯ ಕೋರುಗಳೂ ಮಾರುಕಟ್ಟೆಯಲ್ಲಿವೆ, ನಮ್ಮದು ಅದಲ್ಲ ಎಂದು ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದಿತ್ತು. ಆದರೆ ಕೈಪಿಡಿ ನನ್ನ ಕಪಾಟಿನಲ್ಲಿತ್ತು, ಕೆಲಸ ನಡೆದದ್ದು ಸೀಲಿಂಗಿನ ಮೇಲೆ. ಆ ತಂತ್ರಜ್ಞರ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹೊಸ ಕೋರ್ ಹಾಕಿದ ದಿನ ಬಾಗಿಲಿನ ಒಳಬದಿಗೆ “ನೀರು ಬಳಸಬಾರದು, ವ್ಯಾಕ್ಯೂಮ್ ಮಾತ್ರ” ಎಂದು ದೊಡ್ಡಕ್ಷರದಲ್ಲಿ ಬರೆದು ಅಂಟಿಸಿದೆವು. ಇಂಥ ಎಚ್ಚರಿಕೆಯನ್ನು ಕಾರ್ಖಾನೆಯಲ್ಲೇ ಅಚ್ಚು ಹಾಕಿ ಕಳಿಸಬೇಕಿತ್ತು.

ಆ ಘಟಕದ ಇನ್ನೊಂದು ಕೊರತೆ ಕೂರಿಸಿದವರದು. ಕೋರನ್ನು ಹೊರಗೆಳೆಯುವ ಬಾಗಿಲಿನ ಎದುರಿಗೇ ಕೇಬಲ್ ಟ್ರೇ ಹಾದುಹೋಗಿದೆ. ಫಿಲ್ಟರ್ ಬದಲಾಯಿಸಲು ಹತ್ತು ನಿಮಿಷ ಸಾಕು, ಕೋರ್ ತೆಗೆಯಲು ಇಬ್ಬರಿಗೆ ಅರ್ಧ ದಿನ ಬೇಕು. ಕಷ್ಟವಾದ ಕೆಲಸವನ್ನು ಮುಂದೂಡುವುದು ಮನುಷ್ಯರ ಸ್ವಭಾವ, ಆದ್ದರಿಂದ ಎಟುಕದ ಭಾಗ ಕ್ರಮೇಣ ನಿರ್ವಹಣೆಯಿಲ್ಲದ ಭಾಗವಾಗುತ್ತದೆ.

ಉಳಿದವು ಚಿಕ್ಕ ಸಂಗತಿಗಳು. ಹೊರಗಾಳಿಯ ಬಾಯಿಗಿರುವ ಜಾಲರಿಯಲ್ಲಿ ಎಲೆ, ಪುಕ್ಕ, ಕೀಟ ತುಂಬಿಕೊಳ್ಳುತ್ತವೆ. ತಿಂಗಳಿಗೊಮ್ಮೆ ಗುಡಿಸಿದರೆ ಸಾಕು. ಗಾಳಿಯನ್ನು ಚಕ್ರದ ಬದಿಯಿಂದ ನೇರ ಹಾಯಿಸುವ ತಗಡಿನ ಕದ, ಅಂದರೆ ಬೈಪಾಸ್ ಡ್ಯಾಂಪರ್, ತುಕ್ಕು ಹಿಡಿದು ಅರ್ಧ ತೆರೆದು ನಿಂತಿದ್ದನ್ನು ಒಮ್ಮೆ ಕಂಡೆವು, ಅಂದಿನಿಂದ ಪ್ರತಿ ಋತುವಿನ ಆರಂಭದಲ್ಲಿ ಅದನ್ನು ಕೈಯಾರೆ ಪೂರ್ತಿ ತೆರೆದು ಮುಚ್ಚಿಸಿ ನೋಡುತ್ತೇವೆ. ತಂಪು ಕಾಯಿಲ್ ಇರುವ ಪೆಟ್ಟಿಗೆಯ ಡ್ರೇನ್ ಪೈಪಿನ ಟ್ರ್ಯಾಪಿನಲ್ಲಿ, ಅಂದರೆ ನೀರು ನಿಂತು ಗಾಳಿಯನ್ನು ತಡೆಯುವ ಬಾಗಿನಲ್ಲಿ, ನೀರು ಒಣಗಿದರೆ ಫ್ಯಾನ್ ಅದರ ಮೂಲಕವೇ ಗಾಳಿ ಎಳೆಯುತ್ತದೆ, ತಟ್ಟೆಯ ನೀರು ಹರಿಯದೆ ಒಳಗೆ ಚಿಮ್ಮುತ್ತದೆ. 250 ಪಾಸ್ಕಲ್ ಎಳೆತವೆಂದರೆ ಸುಮಾರು 25 ಮಿಲಿಮೀಟರ್ ನೀರಿನ ಎತ್ತರ. ಟ್ರ್ಯಾಪ್ ಅದಕ್ಕಿಂತ ಆಳವಾಗಿರಲೇಬೇಕು. ಬಾಗಿಲು ತೆರೆಯುವ ಮೊದಲು ವಿದ್ಯುತ್ ಕಡಿತಗೊಳಿಸಿ ಬೀಗ ಹಾಕಿ, ಫ್ಯಾನ್ ಪೂರ್ತಿ ನಿಲ್ಲುವವರೆಗೂ, ಫ್ಯಾನಿನ ವೇಗ ನಿಯಂತ್ರಿಸುವ ಡ್ರೈವಿನ ಕೆಪಾಸಿಟರುಗಳಲ್ಲಿ ಉಳಿದ ವಿದ್ಯುತ್ ಇಳಿಯುವವರೆಗೂ ಕಾಯುವುದನ್ನು ಯಾರೂ ಅವಸರಕ್ಕೆ ಬಿಡಬಾರದು.

ಸೇವಾ ಒಪ್ಪಂದವನ್ನು ನಾವು ಎರಡು ಸಲ ತಿದ್ದಿ ಬರೆಸಿದ್ದೇವೆ. ಮೊದಲಿನ ಒಪ್ಪಂದದಲ್ಲಿ “ಘಟಕವನ್ನು ಪರಿಶೀಲಿಸುವುದು” ಎಂದಷ್ಟೇ ಇತ್ತು, ಮತ್ತು ಚಕ್ರ ನಿಂತಿದ್ದ ಆ ಐದು ವಾರಗಳ ನಡುವೆ ಒಬ್ಬರು ಬಂದು ಪರಿಶೀಲಿಸಿ ಎಲ್ಲ ಸರಿಯಿದೆ ಎಂದು ಸಹಿ ಹಾಕಿ ಹೋಗಿದ್ದರು. ಈಗಿನ ಒಪ್ಪಂದದ ನಮೂನೆಯಲ್ಲಿ ಗುರುತು ಹಾಕುವ ಚೌಕಗಳಿಲ್ಲ, ಅಂಕಿ ಬರೆಯುವ ಜಾಗಗಳಿವೆ: ಮೂರು ಕಡೆಯ ಉಷ್ಣತೆ, ನೀರಾವಿಯ ಗ್ರಾಂ ಲೆಕ್ಕ, ಎರಡೂ ಫಿಲ್ಟರುಗಳ ಒತ್ತಡ, ನಿಮಿಷಕ್ಕೆ ಚಕ್ರದ ಸುತ್ತುಗಳು. ಸುತ್ತು ಎಣಿಸಲು ಅಂಚಿನ ಮೇಲೆ ಬಿಳಿ ಬಣ್ಣದ ಗುರುತು ಹಾಕಿದ್ದೇವೆ. ನಾಮಫಲಕದಲ್ಲಿ 40 ಸುತ್ತು ಎಂದಿದ್ದರೆ ಎಣಿಕೆಯೂ ಅದರ ಹತ್ತಿರ ಬರಬೇಕು. ಈ ನಮೂನೆ ಬಂದ ಮೇಲೆ ಅದೇ ಸಂಸ್ಥೆಯ ಕೆಲಸದ ಗುಣಮಟ್ಟ ಕಣ್ಣಿಗೆ ಕಾಣುವಷ್ಟು ಏರಿದೆ.

ಮತ್ತೆ ಕೊಳ್ಳುವ ಸಂದರ್ಭ ಬಂದರೆ ತಾರಸಿಗೆ ಚಕ್ರದ ಘಟಕವನ್ನೇ ಆರಿಸುತ್ತೇನೆ, ಅಲ್ಲಿ ಬಾಗಿಲುಗಳಿಗೆ ಜಾಗವಿದೆ, ದಿನವೂ ಹೋಗಿ ನೋಡುವ ಜನರಿದ್ದಾರೆ. ಸೀಲಿಂಗಿನ ಮೇಲಕ್ಕೆ ಕೋರಿನ ಘಟಕವೇ ಸರಿ, ಆದರೆ ಈ ಸಲ ತೊಳೆಯಬಹುದಾದ ಪೊರೆಯದು, ಮತ್ತು ಕೋರಿನ ಉದ್ದದಷ್ಟು ತೆರವು ಜಾಗವನ್ನು ನಕ್ಷೆಯಲ್ಲೇ ಗುರುತಿಸಿದ ಮೇಲೆ. ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕ ಆ ಹಸಿರು ದೀಪಕ್ಕೆ. ಎರಡೂ ಚಕ್ರಗಳಿಗೆ ಒಂದೊಂದು ಹೆಚ್ಚುವರಿ ಬೆಲ್ಟನ್ನು ಈಗ ಘಟಕದ ಪಕ್ಕದ ಪೆಟ್ಟಿಗೆಯಲ್ಲಿಯೇ ಇಟ್ಟಿದ್ದೇವೆ, ಅದರ ಮೇಲೆ ತಂದ ದಿನಾಂಕ ಬರೆದಿದೆ.