ಸ್ಲ್ಯಾಕ್: ಕೊಡಗಿನ ಮಳೆಗಾಲದಲ್ಲಿ ಹಸಿರು ಚುಕ್ಕೆ ನಂಬಬೇಡಿ

ಮುಂಗಾರು ಹಿಡಿಯಿತೆಂದರೆ ಮಡಿಕೇರಿ, ನಾಪೋಕ್ಲು, ಭಾಗಮಂಡಲದ ಕಡೆ ಮರ ಬಿದ್ದು ಲೈನ್ ಹೋಗುವುದು ಮಾಮೂಲು. ಕರೆಂಟ್ ಜೊತೆಗೇ ವೈಫೈ ಹೋಗುತ್ತದೆ. ಟವರಿನ ಬ್ಯಾಟರಿ ಇಳಿದ ಮೇಲೆ ಮೊಬೈಲ್ ನೆಟ್‌ವರ್ಕೂ ಇರುವುದಿಲ್ಲ. ಇಂಥ ಕಡೆ ಕೂತು ಬೆಂಗಳೂರಿನ ತಂಡದೊಂದಿಗೆ ಕೆಲಸ ಮಾಡುವವರಿಗೆ ಸ್ಲ್ಯಾಕ್ ಎಂಬ ಆಫೀಸ್ ಚಾಟ್ ಆ್ಯಪ್ ಎಷ್ಟು ಆಗಿಬರುತ್ತದೆ? ವಿಷಯಕ್ಕೊಂದು ಚಾನೆಲ್ (ಗುಂಪು ಚಾಟ್), ಹಳೆಯ ಮಾತು ಹುಡುಕುವ ಸೌಲಭ್ಯ, ಹೊತ್ತು ಗೊತ್ತುಮಾಡಿ ಸಂದೇಶ ಕಳಿಸುವ ಅನುಕೂಲ ಎಲ್ಲವೂ ಚೆನ್ನಾಗಿವೆ. ಆದರೆ ಎಲ್ಲರೂ ಸದಾ ಆನ್‌ಲೈನ್ ಇರುತ್ತಾರೆ ಎಂಬ ನಿರೀಕ್ಷೆಯನ್ನು ಅದು ತಂಡದ ತಲೆಯಲ್ಲಿ ಕೂರಿಸಿಬಿಡುತ್ತದೆ.

ಆನ್‌ಲೈನ್ ಇದ್ದೀರಿ ಎಂದು ತೋರಿಸುವ, ಹೆಸರಿನ ಪಕ್ಕದ ಹಸಿರು ಚುಕ್ಕೆಯನ್ನೇ ನೋಡಿ. ಕಂಪ್ಯೂಟರ್ ಮುಟ್ಟದೆ 10 ನಿಮಿಷ ಕಳೆದರೆ ಅದು ಆರುತ್ತದೆ. ಫೋನಿನಲ್ಲಾದರೆ ಆ್ಯಪ್ ತೆರೆದಿರುವಷ್ಟು ಹೊತ್ತು ಮಾತ್ರ ಉರಿಯುತ್ತದೆ. ಕರೆಂಟ್ ಹೋಗಿ, ಲ್ಯಾಪ್‌ಟಾಪ್ ಮುಚ್ಚಿ, ಫೋನಿನಲ್ಲಿ ಗೂಗಲ್ ಡಾಕ್ಸ್ ತೆರೆದು ಬರೆಯುತ್ತಿರುವವರು ಮ್ಯಾನೇಜರ್ ಕಣ್ಣಿಗೆ ಕೆಲಸ ಬಿಟ್ಟು ಎದ್ದುಹೋದವರ ಹಾಗೆ ಕಾಣುತ್ತಾರೆ. ಹಾಜರಿಗೆ ಈ ಚುಕ್ಕೆಯನ್ನು ಅಳತೆಗೋಲು ಮಾಡಿಕೊಂಡ ತಂಡ ಮಳೆಗಾಲದಲ್ಲಿ ಅನ್ಯಾಯ ಮಾಡುತ್ತದೆ, ಅನುಮಾನವೇ ಬೇಡ. ಅದರ ಬದಲು ಸ್ಟೇಟಸ್‌ನಲ್ಲಿ ‘ಕರೆಂಟ್ ಇಲ್ಲ, ತುರ್ತಿದ್ದರೆ ಫೋನ್ ಮಾಡಿ’ ಎಂದು ಬರೆದು, ಅದು ತಾನಾಗಿ ಅಳಿಯುವ ಸಮಯವನ್ನೂ ಇಟ್ಟುಬಿಡಿ.

ಎರಡನೆಯ ಕಾಟ ‘ಹಾಯ್ ಸರ್, ಇದ್ದೀರಾ?’ ಎಂದು ಕೇಳಿ ಕಾಯುವುದು. ಆ ಕಡೆಯವರಿಗೆ ನೆಟ್‌ವರ್ಕ್ ಬರುವುದು ಎರಡು ಗಂಟೆಯ ನಂತರ. ಅವರು ‘ಹೇಳಿ’ ಎನ್ನುವಷ್ಟರಲ್ಲಿ ಕೇಳಿದವರು ಊಟಕ್ಕೆ ಎದ್ದಿರುತ್ತಾರೆ. ಹೀಗೆ ಒಂದು ಸಣ್ಣ ಪ್ರಶ್ನೆಗೆ ಇಡೀ ದಿನ ಹೋಗುತ್ತದೆ. ಮೊದಲ ಸಂದೇಶದಲ್ಲೇ ಎಲ್ಲ ಇರಲಿ: ‘ಬಿಲ್ಲಿಂಗ್ ಪುಟದ ಎರಡನೇ ವಿನ್ಯಾಸಕ್ಕೆ ನಾಳೆ ಮಧ್ಯಾಹ್ನ 3ರೊಳಗೆ ನಿಮ್ಮ ಒಪ್ಪಿಗೆ ಬೇಕು. ಉತ್ತರ ಬರದಿದ್ದರೆ ಹಳೆಯದನ್ನೇ ಉಳಿಸುತ್ತೇವೆ.’ ಏನು, ಯಾರಿಂದ, ಯಾವಾಗ, ಉತ್ತರ ಬರದಿದ್ದರೆ ಮುಂದೇನು, ಈ ನಾಲ್ಕೂ ಇದ್ದರೆ ಸಿಗ್ನಲ್ ಬಂದ ಐದು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ.

ಥ್ರೆಡ್‌ಗಳು, ಅಂದರೆ ಒಂದು ಸಂದೇಶದ ಉತ್ತರಗಳೆಲ್ಲ ಅದರಡಿಯೇ ಸೇರುವ ಸಾಲುಗಳು, ಚಾನೆಲ್ಲನ್ನು ಚೊಕ್ಕಟವಾಗಿಡುತ್ತವೆ, ನಿಜ. ಆದರೆ ಥ್ರೆಡ್‌ನೊಳಗಿನ ಉತ್ತರದ ಸೂಚನೆ ಅದರಲ್ಲಿ ಮಾತಾಡಿದವರಿಗೆ, ಹೆಸರು ಹಿಡಿದು ಕರೆದವರಿಗೆ, ಅದನ್ನು ಫಾಲೋ ಮಾಡುವವರಿಗೆ ಮಾತ್ರ ಹೋಗುತ್ತದೆ. ಅಲ್ಲೇ ತೀರ್ಮಾನವಾದರೆ ಉಳಿದವರಿಗೆ ಸುದ್ದಿಯೇ ಇಲ್ಲ. ಕೊನೆಯ ಉತ್ತರ ಕಳಿಸುವಾಗ ಕೆಳಗಿನ ಚೌಕಕ್ಕೆ ಟಿಕ್ ಹಾಕಿದರೆ ಅದು ಚಾನೆಲ್‌ನಲ್ಲೂ ಕಾಣುತ್ತದೆ. ಇಬ್ಬರ ಖಾಸಗಿ ಚಾಟ್‌ನಲ್ಲಿ ಆದ ತೀರ್ಮಾನದ್ದು ಇನ್ನೂ ಕಷ್ಟ, ಮೂರನೆಯವರು ಎಷ್ಟು ಹುಡುಕಿದರೂ ಸಿಗುವುದಿಲ್ಲ.

ಉಚಿತ ಪ್ಲಾನಿನಲ್ಲಿರುವ ಸಣ್ಣ ತಂಡಗಳು ಗಮನಿಸಬೇಕಾದ್ದು ಇನ್ನೊಂದಿದೆ. 2022ರಿಂದ ಅದರಲ್ಲಿ ಕಳೆದ 90 ದಿನಗಳ ಸಂದೇಶಗಳಷ್ಟೇ ಕಾಣುತ್ತವೆ. ಜೂನ್ ಮೊದಲ ವಾರ ಒಪ್ಪಿದ ದರ ಸೆಪ್ಟೆಂಬರ್ ಮಧ್ಯಕ್ಕೆ ಕಣ್ಮರೆ. ಒಂದು ವರ್ಷ ದಾಟಿದ್ದು ಅಳಿಸಿಯೇ ಹೋಗುತ್ತದೆ ಎಂಬ ನಿಯಮ 2024ರಲ್ಲಿ ಬಂತು. ಹಾಗಾಗಿ ದರ, ಗಡುವು, ಪಾಸ್ ಆದ ವಿನ್ಯಾಸ ಇವನ್ನು ಪ್ರತಿ ಶುಕ್ರವಾರ ಒಂದು ಗೂಗಲ್ ಡಾಕ್‌ಗೆ ದಿನಾಂಕ ಸಮೇತ ಬರೆದಿಡಿ, ಆ ಡಾಕ್‌ಗೆ ಆಫ್‌ಲೈನ್ ಆಯ್ಕೆ ಕೊಡಿ. ನೆಟ್ ಇಲ್ಲದಿದ್ದಾಗಲೂ ಓದಬಹುದು.

ಸ್ಲ್ಯಾಕ್ ಒಳಗೇ ಮಾತಾಡುವ ಕರೆಗೆ ಹಡಲ್ ಎನ್ನುತ್ತಾರೆ; ಉಚಿತ ಪ್ಲಾನಿನಲ್ಲಿ ಅದರಲ್ಲಿ ಇಬ್ಬರಿಗಷ್ಟೇ ಜಾಗ. ನಿಜವಾದ ತುರ್ತಿಗೆ ಮಾಮೂಲಿ ಫೋನ್ ಕರೆಯೇ ಗಟ್ಟಿ. ನಂಬರುಗಳ ಪಟ್ಟಿಯನ್ನು ಸ್ಲ್ಯಾಕ್ ಒಳಗೆ ಇಡಬೇಡಿ, ಪ್ರತಿಯೊಬ್ಬರ ಫೋನಿನಲ್ಲೇ ಸೇವ್ ಆಗಿರಲಿ.

ಹಣ ಕೊಡುವ ಪ್ಲಾನಿಗೆ ಹೋದರೆ ಹಳೆಯ ಸಂದೇಶ ಮತ್ತು ಹಡಲ್‌ನ ತೊಂದರೆ ನೀಗುತ್ತದೆ. ಚುಕ್ಕೆ, ‘ಹಾಯ್ ಸರ್’, ಥ್ರೆಡ್‌ನಲ್ಲಿ ಹೂತುಹೋದ ತೀರ್ಮಾನ ಯಾವ ಪ್ಲಾನಿನಲ್ಲೂ ಹೋಗುವುದಿಲ್ಲ. ದುಡ್ಡು ಕಟ್ಟುವ ಮೊದಲು ಮೇಲಿನ ಅಭ್ಯಾಸಗಳನ್ನು ಒಂದು ತಿಂಗಳು ಜಾರಿಗೆ ತಂದು ನೋಡಿ.