ಅಂಚೆಯಲ್ಲಿ ಬರುವ ಕಕ್ಕಸು ಪರೀಕ್ಷೆ ಕಿಟ್: ನಾಚಿಕೆ ಬಿಟ್ಟು ಬರೆದ ರಿವ್ಯೂ

ಇಂಗ್ಲೆಂಡಿನಲ್ಲಿ ಐವತ್ತು ತುಂಬಿದವರ ಮನೆಗೆ ಎನ್‌ಎಚ್‌ಎಸ್‌ನಿಂದ, ಅಂದರೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಿಂದ, ಒಂದು ಲಕೋಟೆ ಬರುತ್ತದೆ. ಒಳಗೆ ಪುಟ್ಟ ಪ್ಲಾಸ್ಟಿಕ್ ಬಾಟಲಿ, ಅದರ ಮುಚ್ಚಳಕ್ಕೇ ಅಂಟಿಕೊಂಡ ಒಂದು ಕಡ್ಡಿ, ವಾಪಸ್ ಕಳಿಸೋಕೆ ಕವರ್. ದೊಡ್ಡ ಕರುಳಿನ ಕ್ಯಾನ್ಸರ್ ತಪಾಸಣೆಯ ಕಿಟ್ ಇದು, ಕಕ್ಕಸಿನಲ್ಲಿ ರಕ್ತ ಇದೆಯಾ ಅಂತ ನೋಡುತ್ತದೆ, ಫಿಟ್ ಅಂತಾರೆ. ದುಡ್ಡಿಲ್ಲ, ಅಪಾಯಿಂಟ್‌ಮೆಂಟ್ ಇಲ್ಲ, ನೀವಾಗಿ ಕೇಳಬೇಕಾಗಿಯೂ ಇಲ್ಲ. ಜಿಪಿ, ಅಂದರೆ ನಮ್ಮ ಏರಿಯಾದ ಫ್ಯಾಮಿಲಿ ಡಾಕ್ಟರ ಹತ್ತಿರ ಹೆಸರು ಇದ್ದರೆ ಸಾಕು, 74 ವರ್ಷದ ತನಕ ಎರಡು ವರ್ಷಕ್ಕೊಮ್ಮೆ ಬರುತ್ತಲೇ ಇರುತ್ತದೆ. ಆದರೆ ನಮ್ಮ ಜನ ಇದನ್ನು ಪಿಜ್ಜಾ ಅಂಗಡಿ ಪಾಂಪ್ಲೆಟ್ ಜೊತೆ ಮೂಲೆಗೆ ಎಸೆಯುವುದನ್ನು ನೋಡಿದ್ದೇನೆ. ಅದಕ್ಕೇ ಈ ರಿವ್ಯೂ.

ಮೊದಲು ಎಲ್ಲರೂ ಕೇಳಲು ನಾಚುವ ಪ್ರಶ್ನೆ. ಹಿಡಿಯೋದು ಹೇಗೆ? ಕಕ್ಕಸು ಕಮೋಡಿನ ನೀರಿಗೆ ಬೀಳಬಾರದು. ಹಿಡಿಯೋಕೆ ಅಂತ ಕಿಟ್‌ನಲ್ಲಿ ಏನೂ ಕೊಡುವುದಿಲ್ಲ, ನನಗೆ ಅರ್ಧ ಸ್ಟಾರ್ ಕಿತ್ತುಕೊಳ್ಳಬೇಕು ಅನಿಸಿದ್ದು ಇಲ್ಲೇ. ತೊಳೆದಿಟ್ಟ ಐಸ್‌ಕ್ರೀಮ್ ಡಬ್ಬಿ ಸಾಕಾಗುತ್ತದೆ, ಇಲ್ಲದಿದ್ದರೆ ಟಾಯ್ಲೆಟ್ ಪೇಪರನ್ನು ದಪ್ಪಗೆ ಮಡಚಿ ಹಿಡಿಯಿರಿ. ನಮ್ಮ ಹಾಗೆ ನೀರು ಬಳಸುವವರು ಇದೆಲ್ಲ ಮುಗಿದ ಮೇಲೆ ಚೊಂಬಿಗೆ ಕೈ ಹಾಕಿ. ಆಮೇಲೆ ಕಡ್ಡಿಯ ತುದಿಯಲ್ಲಿರುವ ಗೀರುಗಳು ಮುಚ್ಚುವಷ್ಟು ಸವರಿ, ಬಾಟಲಿಗೆ ಹಾಕಿ, ಟಕ್ ಅನ್ನುವ ತನಕ ಮುಚ್ಚಳ ಒತ್ತಿ, ಮೇಲೆ ತಾರೀಖು ಬರೆಯಿರಿ. ತಾರೀಖು ಮರೆಯಬೇಡಿ. ಕಡ್ಡಿ ತುಂಬ ಮೆತ್ತಬೇಕಾಗಿಲ್ಲ, ಇದೇನು ಚಪಾತಿಗೆ ತುಪ್ಪ ಸವರುವುದಲ್ಲ. ನಂತರ ಕವರಿಗೆ ಹಾಕಿ ಬೇಗ ಪೋಸ್ಟ್ ಮಾಡಿ. ಸ್ಟಾಂಪು ಬೇಡ.

ಹಳೆಯ ಕಿಟ್ ಬಳಸಿದವರನ್ನು ಕೇಳಿ, ಅವರು ಇದಕ್ಕೆ ಕೈ ಮುಗಿಯುತ್ತಾರೆ. ಆಗ ಬರುತ್ತಿದ್ದದ್ದು ಒಂದು ರಟ್ಟಿನ ಕಾರ್ಡು, ಮೂರು ಬೇರೆ ಬೇರೆ ಸಲ ಹೋದಾಗ ಪ್ರತಿ ಸಲ ಎರಡೆರಡು ಕಡೆಯಿಂದ ತೆಗೆದು ಅದಕ್ಕೆ ಸವರಬೇಕಿತ್ತು, ಅಲ್ಲಿಯವರೆಗೆ ಆ ಕಾರ್ಡನ್ನು ಮನೆಯಲ್ಲೇ ಇಟ್ಟುಕೊಳ್ಳಬೇಕಿತ್ತು. ಯಾರಿಗೆ ಬೇಕು ಹೇಳಿ. ಫಿಟ್‌ಗೆ ಒಂದೇ ಸಲ ಸಾಕು. ಇದು ಮನುಷ್ಯರ ರಕ್ತದ ಹಿಮೋಗ್ಲೋಬಿನನ್ನು ಮಾತ್ರ ಗುರುತಿಸುತ್ತದೆ, ಹಾಗಾಗಿ ಹಿಂದಿನ ದಿನ ಮಟನ್ ತಿಂದಿದ್ದರೂ ಬೀಟ್‌ರೂಟ್ ಪಲ್ಯ ತಿಂದಿದ್ದರೂ ಲೆಕ್ಕಕ್ಕಿಲ್ಲ. ಕಣ್ಣಿಗೆ ಕಾಣದಷ್ಟು ರಕ್ತವನ್ನೂ ಹಿಡಿಯುತ್ತದೆ.

ಸಾಮಾನ್ಯವಾಗಿ ಎರಡು ವಾರದೊಳಗೆ ಉತ್ತರ ಬರುತ್ತದೆ. ನೂರರಲ್ಲಿ ಸುಮಾರು ಇಬ್ಬರಿಗೆ ಮಾತ್ರ ಮುಂದಿನ ಪರೀಕ್ಷೆಗೆ ಕರೆ ಬರುವುದು. ಕರೆದರು ಅಂದರೆ ಕ್ಯಾನ್ಸರ್ ಅಂತಲ್ಲ, ಅವರಲ್ಲೂ ಹೆಚ್ಚಿನವರಿಗೆ ಕ್ಯಾನ್ಸರ್ ಇರುವುದಿಲ್ಲ. ಸಾಮಾನ್ಯವಾಗಿ ಕೊಲೊನೊಸ್ಕೋಪಿ ಮಾಡುತ್ತಾರೆ, ಅಂದರೆ ಹಿಂದಿನಿಂದ ಕ್ಯಾಮೆರಾ ಇರುವ ಸಣ್ಣ ಕೊಳವೆ ಬಿಟ್ಟು ದೊಡ್ಡ ಕರುಳನ್ನು ನೋಡುವುದು. ಹೊಟ್ಟೆ ಖಾಲಿ ಮಾಡಲು ಮೊದಲೇ ಕುಡಿಯಬೇಕಾದ ಭೇದಿ ಔಷಧಿ ಸುಖದ್ದಲ್ಲ, ಸುಳ್ಳು ಹೇಳುವುದಿಲ್ಲ. ಆದರೆ ಒಳಗೆ ಪಾಲಿಪ್ ಅನ್ನುವ ಸಣ್ಣ ಗಂಟು ಸಿಕ್ಕರೆ ಸಾಧಾರಣವಾಗಿ ಅಲ್ಲೇ ಕತ್ತರಿಸಿ ತೆಗೆಯುತ್ತಾರೆ. ಅಂಥ ಕೆಲವು ಗಂಟುಗಳೇ ವರ್ಷಗಳು ಕಳೆದಂತೆ ಕ್ಯಾನ್ಸರ್ ಆಗುವುದು. ಅಂದರೆ ಈ ಕಿಟ್ ರೋಗ ಹುಡುಕುವುದಷ್ಟೇ ಅಲ್ಲ, ಎಷ್ಟೋ ಸಲ ರೋಗ ಬರದ ಹಾಗೆಯೂ ಮಾಡುತ್ತದೆ. ನನ್ನ ಪ್ರಕಾರ ಪೂರ್ತಿ ಸ್ಟಾರ್ ಕೊಡಬೇಕಾದ್ದು ಇದಕ್ಕೇ.

ಇನ್ನು ದೂರು. ಇಂಗ್ಲೆಂಡಿನಲ್ಲಿ 2006ರಲ್ಲಿ ಈ ತಪಾಸಣೆ ಶುರುವಾದಾಗ ಅರವತ್ತು ದಾಟಿದವರಿಗೆ ಮಾತ್ರ ಇತ್ತು. ವಯಸ್ಸು ಇಳಿಸುವ ಕೆಲಸ 2021ರಲ್ಲಿ ಶುರುವಾಗಿ, ಮೆಲ್ಲಗೆ ಐವತ್ತಕ್ಕೆ ಬರಲು ವರ್ಷಗಳೇ ಹಿಡಿದವು. ಪಕ್ಕದ ಸ್ಕಾಟ್ಲೆಂಡ್ 2007ರಲ್ಲೇ ಐವತ್ತರಿಂದ ಶುರು ಮಾಡಿತ್ತು, ಫಿಟ್ ಕೂಡ ಅಲ್ಲಿ 2017ಕ್ಕೇ ಬಂತು, ಇಲ್ಲಿ 2019ರಲ್ಲಿ. ಒಂದೇ ದೇಶ, ಬೇರೆ ಬೇರೆ ಸಾಲು.

ಐವತ್ತರ ಒಳಗಿನವರಿಗಂತೂ ಈ ಲಕೋಟೆ ಬರುವುದೇ ಇಲ್ಲ. ಪತ್ರಕರ್ತೆ ಡೆಬೊರಾ ಜೇಮ್ಸ್‌ಗೆ ಈ ಕ್ಯಾನ್ಸರ್ ಗೊತ್ತಾದಾಗ 35 ವರ್ಷ. ನಿಮ್ಮ ಕಕ್ಕಸು ನೋಡಿಕೊಳ್ಳಿ ಅಂತ ಟೀವಿಯಲ್ಲಿ ಕೂತು ಊರಿಗೆಲ್ಲ ಹೇಳಿದ ಹೆಂಗಸು ಅವರು, 2022ರಲ್ಲಿ ನಲವತ್ತಕ್ಕೇ ತೀರಿಕೊಂಡರು. ಇಲ್ಲಿ ಟಾಯ್ಲೆಟ್ ಪೇಪರಿನ ಪ್ಯಾಕೆಟ್ ಮೇಲೂ ರೋಗದ ಲಕ್ಷಣಗಳನ್ನು ಅಚ್ಚು ಹಾಕಿದ್ದಾರೆ. ಓದೋಕೆ ಅದಕ್ಕಿಂತ ಒಳ್ಳೆ ಜಾಗ ಎಲ್ಲಿದೆ?

ಇನ್ನೊಂದು ಮಾತು, ಇದು ನಮ್ಮವರಿಗೇ. ರಕ್ತ ಕಂಡರೆ "ಉಷ್ಣ ಆಗಿದೆ", "ಮೂಲವ್ಯಾಧಿ ಇರಬೇಕು" ಅಂತ ಮಜ್ಜಿಗೆ ಕುಡಿದು ಸುಮ್ನೆ ಆಗುತ್ತೇವೆ ಅಲ್ವಾ? ಮೂಲವ್ಯಾಧಿಯೂ ಇರಬಹುದು, ಆದರೆ ಅದನ್ನು ಹೇಳಬೇಕಾದವರು ಡಾಕ್ಟರು. ರಕ್ತ ಹೋಗುವುದು, ಹೋಗುವ ರೀತಿ ಬದಲಾಗಿ ಹಾಗೇ ಉಳಿಯುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಜಾಸ್ತಿ ಸುಸ್ತು, ಹೊಟ್ಟೆಯಲ್ಲಿ ಗಂಟು ಸಿಕ್ಕುವುದು. ಇವು ಇದ್ದರೆ ಕಿಟ್ ಬರಲಿ ಅಂತ ಕಾಯಬೇಡಿ, ಹೋದ ಸಲ ಏನೂ ಇಲ್ಲ ಅಂತ ಬಂದಿತ್ತು ಅಂತಲೂ ಕೂರಬೇಡಿ. ಎಲ್ಲ ಗಂಟೂ ಯಾವಾಗಲೂ ರಕ್ತ ಸುರಿಸುವುದಿಲ್ಲ, ಕಿಟ್‌ಗೆ ತಪ್ಪಿಸಿಕೊಳ್ಳುವುದೂ ಉಂಟು.

ಐದಕ್ಕೆ ನಾಲ್ಕೂವರೆ. ಮನೆ ಬದಲಾಯಿಸಿದ್ದರೆ ಜಿಪಿ ಹತ್ತಿರ ಹೊಸ ವಿಳಾಸ ಕೊಡಿ, ಇಲ್ಲದಿದ್ದರೆ ನಿಮ್ಮ ಕಿಟ್ ಹಳೆ ಮನೆಗೆ ಹೋಗುತ್ತದೆ. ಮನೆಯಲ್ಲಿ 75 ದಾಟಿದ ಅಪ್ಪ ಅಮ್ಮ ಇಲ್ಲೇ ಜಿಪಿ ಹತ್ತಿರ ಹೆಸರು ಬರೆಸಿಕೊಂಡು ಇದ್ದರೆ ಅವರಿಗೆ ತಾನಾಗಿ ಬರುವುದಿಲ್ಲ, ಎನ್‌ಎಚ್‌ಎಸ್ ತಪಾಸಣೆಯ ಸಹಾಯವಾಣಿಗೆ ಫೋನ್ ಮಾಡಿ ಕೇಳಿದರೆ ಕಳಿಸುತ್ತಾರೆ.