ಗೋವಾದಲ್ಲಿ ಸ್ಕೂಬಾಗೆ ಹೋಗುವವರೇ, ನೀರಿಗಿಳಿಯುವ ಮೊದಲು ಗೇಜಿನ ಮುಳ್ಳು ನೋಡಿ

ಹುಬ್ಬಳ್ಳಿ, ಬೆಳಗಾವಿ ಕಡೆಯಿಂದ ಗೋವಾಕ್ಕೆ ಬಂದು ಗ್ರ್ಯಾಂಡ್ ಐಲ್ಯಾಂಡ್ ಹತ್ತಿರ ಸ್ಕೂಬಾ ಮಾಡುವವರು ಈಗ ಜಾಸ್ತಿ. ನಾನು ವಾಸ್ಕೋದಲ್ಲೇ ಇರುವುದು. ಮೊನ್ನೆ ನನಗಾಗಿದ್ದು ನಿಮಗೆ ಆಗಬಾರದು ಅಂತ ಬರೆಯುತ್ತಿದ್ದೇನೆ.

ಬೋಟಿನ ಮೇಲೆ ರೆಗ್ಯುಲೇಟರ್, ಅಂದರೆ ಸಿಲಿಂಡರಿನ ಗಾಳಿಯ ಒತ್ತಡ ಇಳಿಸಿ ಉಸಿರಾಡಲು ಕೊಡುವ ಸಾಧನ, ಬಾಯಿಗಿಟ್ಟಾಗ ಗಾಳಿ ಚೆನ್ನಾಗಿಯೇ ಬಂತು, ಸಿಲಿಂಡರಿನ ಒತ್ತಡ ತೋರಿಸುವ ಗೇಜು 200 ಬಾರ್ ತೋರಿಸುತ್ತಿತ್ತು. ಕೆಳಗಿಳಿದ ಹಾಗೆ ಪ್ರತಿ ಉಸಿರೂ ಅರ್ಧಕ್ಕೇ ಬಿಗಿಯತೊಡಗಿತು. ದವಡೆ ನೋಯುವಷ್ಟು ಎಳೆದರೂ ಎದೆ ತುಂಬದು. ಅಂಗೈ ಅಲ್ಲಾಡಿಸಿ, ಏನೋ ಸರಿಯಿಲ್ಲ ಅಂತ ತೋರಿಸಿದೆ. ಜೊತೆಗಿದ್ದ ಇನ್‌ಸ್ಟ್ರಕ್ಟರ್ ಓಕೆ ಅಂತ ಕೈ ಮಾಡಿ ಇನ್ನೂ ಕೆಳಕ್ಕೆ ಕರೆದ. ಮತ್ತೆ ಮತ್ತೆ ಬಾಯಿ ತೋರಿಸಿದ ಮೇಲೆ ಹಿಂದೆ ಬಂದು ಸಿಲಿಂಡರಿನ ವಾಲ್ವ್ ತಿರುಗಿಸಿದ, ತಕ್ಷಣ ಗಾಳಿ ಸರಾಗವಾಗಿ ಬಂತು. ಮೇಲೆ ಬಂದು ಕೇಳಿದರೆ, "ವಾಲ್ವ್ ಸ್ವಲ್ಪ ಕಮ್ಮಿ ತೆಗೆದಿತ್ತು ಅಷ್ಟೇ, ಏನೂ ಆಗಲಿಲ್ಲವಲ್ಲ" ಅಂದ. ಅಷ್ಟೇನಾ? ನಾನು ಗಾಬರಿಯಲ್ಲಿ ಉಸಿರು ಬಿಗಿಹಿಡಿದು ಮೇಲಕ್ಕೆ ನುಗ್ಗಿದ್ದರೆ, ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶವೇ ಹರಿಯಬಹುದಿತ್ತು. ಕೆಲವೇ ಮೀಟರ್ ಆಳದಿಂದಲೂ ಹಾಗಾಗುತ್ತದೆ.

ಮೇಲೆ ಸರಿಯಿದ್ದದ್ದು ಕೆಳಗೆ ಯಾಕೆ ಕೈಕೊಟ್ಟಿತು ಅಂದರೆ, ರೆಗ್ಯುಲೇಟರಿನಲ್ಲಿ ಎರಡು ಭಾಗ. ಸಿಲಿಂಡರಿಗೆ ಕೂರಿಸುವ ಮೊದಲ ಹಂತ ಆ 200 ಬಾರ್ ಒತ್ತಡವನ್ನು ಸುತ್ತಲಿನ ನೀರಿಗಿಂತ ಸುಮಾರು 10 ಬಾರ್ ಹೆಚ್ಚಿರುವ ಮಟ್ಟಕ್ಕೆ ಇಳಿಸುತ್ತದೆ. ಬಾಯಲ್ಲಿರುವ ಎರಡನೇ ಹಂತದಲ್ಲಿ ಒಂದು ರಬ್ಬರ್ ಪದರ ಇದೆ. ನಾವು ಉಸಿರೆಳೆದಾಗ ಅದು ಒಳಕ್ಕೆ ಬಾಗಿ ಸಣ್ಣ ಲಿವರ್ ಒತ್ತುತ್ತದೆ, ಗಾಳಿ ಬರುತ್ತದೆ. ಅದೇ ಪದರವನ್ನು ಹೊರಗಿನಿಂದ ನೀರೂ ಒತ್ತುವುದರಿಂದ, ನೀರಿನ ಒತ್ತಡ ಎಷ್ಟೋ ಅಷ್ಟೇ ಒತ್ತಡದ ಗಾಳಿ ಸಿಗುತ್ತದೆ. ಹಾಗಾಗಿಯೇ ನೀರು ಎದೆಯನ್ನು ಅಮುಕುತ್ತಿದ್ದರೂ ಆರಾಮಾಗಿ ಉಸಿರಾಡಬಹುದು. ಆದರೆ 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟು, ಅಂದರೆ ಒಂದೊಂದು ಉಸಿರಿಗೂ ಎರಡರಷ್ಟು ಗಾಳಿ ಬೇಕು. ಅರೆತೆರೆದ ವಾಲ್ವ್ ಬೋಟಿನ ಮೇಲೆ ಸಾಕಾಗುತ್ತದೆ, ಆ ಆಳದಲ್ಲಿ ಸಾಲುವುದಿಲ್ಲ.

ಇದನ್ನು ಹಿಡಿಯುವುದು ಸುಲಭ. ಗೇಜು ನೋಡುತ್ತಲೇ ನಾಲ್ಕೈದು ಸಲ ಜೋರಾಗಿ ಉಸಿರೆಳೆಯಿರಿ. ಮುಳ್ಳು ಪ್ರತಿ ಉಸಿರಿಗೂ ಕುಸಿದು ಮತ್ತೆ ಏರಿದರೆ ವಾಲ್ವ್ ಪೂರ್ತಿ ತೆರೆದಿಲ್ಲ, ಇಲ್ಲವೇ ಒಳಗೆ ಏನೋ ಕಟ್ಟಿಕೊಂಡಿದೆ. ಸುಮ್ನೆ ಮುಳ್ಳು 200ರ ಮೇಲೆ ನಿಂತಿರುವುದನ್ನು ನೋಡಿದರೆ ಏನೂ ಗೊತ್ತಾಗುವುದಿಲ್ಲ. ಪೂರ್ತಿ ತೆಗೆದು ಕಾಲು ಸುತ್ತು ಹಿಂದಕ್ಕೆ ತಿರುಗಿಸುವ ಹಳೇ ಅಭ್ಯಾಸ ಕೆಲವರಿಗೆ ಇನ್ನೂ ಇದೆ, ಅವಸರದಲ್ಲಿ ಅದೇ ಉಲ್ಟಾ ಆಗಿ, ಪೂರ್ತಿ ಮುಚ್ಚಿ ಕಾಲು ಸುತ್ತು ಮಾತ್ರ ತೆರೆದಂತಾಗಿಬಿಡುತ್ತದೆ. ಪೂರ್ತಿ ತೆಗೆಯಲಿಕ್ಕೇ ಹೇಳಿ.

ಗಾಳಿಗೆ ಎಣ್ಣೆ ವಾಸನೆ ಇದ್ದರೆ ಆ ಸಿಲಿಂಡರ್ ಬೇಡವೇ ಬೇಡ. ಬಾಯಿಗಿಡುವ ರಬ್ಬರ್ ಹರಿದಿದ್ದರೆ, ಅದನ್ನು ಬಿಗಿಯುವ ಪಟ್ಟಿ ಇಲ್ಲದಿದ್ದರೆ ಬದಲಾಯಿಸಿಕೊಳ್ಳಿ. ತುರ್ತಿಗೆಂದು ಇಡುವ ಇನ್ನೊಂದು ರೆಗ್ಯುಲೇಟರ್, ಸಾಮಾನ್ಯವಾಗಿ ಹಳದಿ ಬಣ್ಣದ್ದು, ಇನ್‌ಸ್ಟ್ರಕ್ಟರ್ ಹತ್ತಿರ ಇದೆಯಾ ಅಂತಲೂ ಕೇಳಿ, ಅದರಲ್ಲೂ ಒಂದೆರಡು ಉಸಿರು ಎಳೆದು ನೋಡಿ. ಬೋಟಿನವರು ಅವಸರ ಮಾಡಿದರೆ ಮಾಡಲಿ.